ಮೋಲ್ಡಿಂಗ್ ದಿನ ಗೆಳೆಯರೇ ಸಾಕಾ?

ಮಾಲೂರಿನಲ್ಲಿ ಮನೆ ಕಟ್ಟುತ್ತಿದ್ದೀರಿ, ಮೋಲ್ಡಿಂಗನ್ನೂ (ತಾರಸಿಗೆ ಕಾಂಕ್ರೀಟ್ ಹಾಕುವುದನ್ನೂ) ಗೆಳೆಯರ ಕೈಲೇ ಮುಗಿಸಬಹುದಾ ಅಂತ ಕೇಳಿದ್ದೀರಿ. ಕೋಲಾರದ ಹತ್ತಿರ ನಮ್ಮ ಮನೆ ಎದ್ದಿದ್ದೂ ಮುಯ್ಯಾಳು ಲೆಕ್ಕದಲ್ಲೇ, ಅಂದರೆ ಇವತ್ತು ಅವರು ನಮಗೆ, ನಾಳೆ ನಾವು ಅವರಿಗೆ ದುಡಿಯುವುದು. ಪಾಯ ತೋಡುವುದು, ಇಟ್ಟಿಗೆ ಹೊರುವುದು ಎಲ್ಲಾ ಗೆಳೆಯರದ್ದೇ. ಆದರೆ ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಹಲಗೆ, ಆಸರೆ ನಿಲ್ಲಿಸುವುದು), ಕಂಬಿ ಕಟ್ಟುವುದನ್ನು ಮೇಸ್ತ್ರಿಗೇ ಬಿಡಿ, ಸುಮ್ನೆ ಸಾಹಸ ಬೇಡ.

ಕಾಂಕ್ರೀಟ್ ಶುರುವಾದ ಮೇಲೆ ಮಧ್ಯೆ ನಿಲ್ಲಿಸಬಾರದು. ಹಾಕಿದ್ದು ಗಟ್ಟಿಯಾದರೆ ಹೊಸದು ಅದಕ್ಕೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ನಮ್ಮಲ್ಲಿ ಊಟಕ್ಕೆ ಅಂತ ಎಲ್ಲರೂ ಒಟ್ಟಿಗೆ ಇಳಿದುಬಿಟ್ಟರು. ಇವತ್ತಿಗೂ ಮಳೆ ಬಂದರೆ ಹಳೆಯದು ಹೊಸದು ಸೇರಿದ ಗೆರೆ ಉದ್ದಕ್ಕೂ ಒದ್ದೆ! ನೀವು ಊಟಕ್ಕೆ ಎರಡು ಪಾಳಿ ಮಾಡಿ. ಬಾಂಡ್ಲಿ ದಾಟಿಸಲು ಗೆಳೆಯರು ಸಾಕು, ಕಾಂಕ್ರೀಟ್ ಅದುರಿಸಿ ಗಾಳಿ ಹೊರಹಾಕುವ ವೈಬ್ರೇಟರ್ ಹಿಡಿಯಲು ಪಳಗಿದ ಕೈಯೇ ಬೇಕು. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ ತಾರಸಿ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಿ. ಮುದ್ದೆ, ಸಾರು ಮಾತ್ರ ಜಾಸ್ತಿನೇ ಮಾಡಿಸಿ.