ಚೀನಾದವರೂ ಕಾಫಿ ಬೆಳೀತಾರಾ?

ಪ್ರಶ್ನೆ: ತೋಟದ ಕಳೆ ಕೊಚ್ಚುವ ಮಿಷನ್ನು ಚೀನಾದ್ದು, ಮಗನ ಫೋನೂ ಅಲ್ಲಿಯದ್ದೇ. ಈಗ ಕಾಫಿನೂ ಬೆಳೀತಾರಂತೆ. ನಮಗೆ ಹೊಡೆತ ಬೀಳುತ್ತಾ?
– ಬೆಳೆಗಾರ, ಮೂಡಿಗೆರೆ

ಉತ್ತರ: ಬೆಳೆಯುತ್ತಾರೆ ಸರ್. ಹೆಚ್ಚುಕಮ್ಮಿ ಎಲ್ಲವೂ ಯುನ್ನಾನ್ ಪ್ರಾಂತ್ಯದ್ದು, ಅದರಲ್ಲೂ ಪೂಅರ್ ಕಡೆಯದ್ದು ಜಾಸ್ತಿ, ಮೊದಲಿಂದ ಟೀಗೆ ಹೆಸರಾದ ಊರು ಅದು. ಗಿಡ ಬಹುಪಾಲು ಕಟಿಮೋರ್, ಅಂದರೆ ನಿಮ್ಮ ಕಡೆ ಕಾವೇರಿ ಅನ್ನುತ್ತಾರಲ್ವಾ, ಅದೇ ಬಳಗ, ಅರೇಬಿಕಾ ಜಾತಿಯದ್ದು. ನಮ್ಮ ದೇಶದಲ್ಲಿ ಜಾಸ್ತಿ ಇರುವುದು ರೊಬಸ್ಟಾ ಅನ್ನೋ ಬೇರೆ ಜಾತಿ, ಹಾಗಾಗಿ ನೇರ ಪೈಪೋಟಿ ಕಡಿಮೆ ಅಂತಲೇ ನನ್ನ ಅನಿಸಿಕೆ.

ನಾವು ನೋಡಬೇಕಾದ್ದು ಅಲ್ಲಿ ಕುಡಿಯುವವರನ್ನು. 2017ರಲ್ಲಿ ಶುರುವಾದ ಲಕಿನ್ ಅನ್ನೋ ಅಲ್ಲಿನ ಕಾಫಿ ಅಂಗಡಿಗಳ ಕಂಪನಿ 2023ಕ್ಕೆ ಹತ್ತು ಸಾವಿರ ಅಂಗಡಿ ದಾಟಿತು, ಚೀನಾದೊಳಗೆ ಅಮೆರಿಕದ ಸ್ಟಾರ್‌ಬಕ್ಸನ್ನೇ ಹಿಂದೆ ಹಾಕಿತು. ಅಲ್ಲಿನ ಬೆಳೆ ಇಷ್ಟು ಜನಕ್ಕೆ ಸಾಲದೆ ಬ್ರೆಜಿಲ್‌ನಿಂದ ತರಿಸುತ್ತಾರೆ. ಆ ಗಿರಾಕಿ ನಮಗೂ ಬೇಕು ಸರ್.

ಹಾಗಂತ ಕಣ್ಣು ಮುಚ್ಚಿ ನಂಬಿ ಅನ್ನಲ್ಲ. ಚೀನಾದಿಂದ ಸಾಲ ಮಾಡಿ ಕಟ್ಟಿದ ಹಂಬನ್‌ತೋಟ ಬಂದರನ್ನು ಶ್ರೀಲಂಕಾ 2017ರಲ್ಲಿ ಚೀನಾ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟಿತು. ವ್ಯಾಪಾರ ಮಾಡೋಣ, ಆದರೆ ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡು ಕೂರುವುದು ಬೇಡ.