ಓದುಗರ ಪ್ರಶ್ನೆ: ವೋಲ್ಟೇಜು ಇಳಿದರೆ ಲಿಥಿಯಂ ಸ್ಥಿರವಾದಂತೆಯೇ?

ಪ್ರಶ್ನೆ: ಎರಡೂ ಬದಿಗೆ ಲಿಥಿಯಂ ಹಾಳೆ ಇಟ್ಟ ಕಾಯಿನ್ ಸೆಲ್ಲನ್ನು ಚದರ ಸೆಂ.ಮೀ.ಗೆ 1 ಮಿಲಿಆಂಪಿಯರ್‌ನಂತೆ ಓಡಿಸುತ್ತಿದ್ದೇನೆ. 180 ಗಂಟೆ ಕಾಲ 90 ಮಿಲಿವೋಲ್ಟ್ ಆಸುಪಾಸಿನಲ್ಲಿದ್ದ ವೋಲ್ಟೇಜು ಒಮ್ಮೆಲೇ 15ಕ್ಕೆ ಇಳಿಯಿತು. ಆಮೇಲೆ 600 ಗಂಟೆಯಾದರೂ ಅಲ್ಲಾಡಿಲ್ಲ. ಲಿಥಿಯಂ ಆನೋಡ್ ಸ್ಥಿರವಾಗಿದೆ ಎಂದು ವರದಿಯಲ್ಲಿ ಬರೆಯಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಯವಿಟ್ಟು ಬರೆಯಬೇಡಿ. ಇದು ಬಹುಮಟ್ಟಿಗೆ ಸಾಫ್ಟ್ ಶಾರ್ಟ್, ಅಂದರೆ ಸೆಲ್ಲಿನೊಳಗಿನ ಭಾಗಶಃ ಶಾರ್ಟ್ ಸರ್ಕ್ಯೂಟ್. ಸೂಜಿಯಂತೆ ಬೆಳೆದ ಲಿಥಿಯಂ, ಎರಡು ಬದಿಗಳ ನಡುವಿನ ತೆಳು ಪೊರೆಯಾದ ಸೆಪರೇಟರನ್ನು ದಾಟಿ ಎದುರು ಬದಿಯನ್ನು ಮುಟ್ಟಿದೆ. ಕರೆಂಟಿನ ಒಂದು ಪಾಲು ಅಯಾನುಗಳ ಹಂಗಿಲ್ಲದೆ ಆ ಎಳೆಯಲ್ಲೇ ಹರಿಯುತ್ತಿದೆ. ಗ್ರಾಫನ್ನು ಹಿಗ್ಗಿಸಿ ನೋಡಿ. ಲಿಥಿಯಂ ನಿಜವಾಗಿ ಕೂರುತ್ತಾ ಕರಗುತ್ತಾ ಇದ್ದರೆ ಪ್ರತಿ ಅರ್ಧ ಸುತ್ತಿನ ತುದಿಗಳಲ್ಲಿ ಏರಿಳಿತ ಇರುತ್ತದೆ. ಶಾರ್ಟ್ ಆದಾಗ ಅಂಚು ಕತ್ತರಿಸಿಟ್ಟ ಆಯತ ಕಾಣುತ್ತದೆ. ಇಂಪೀಡೆನ್ಸ್ (ಬೇರೆ ಬೇರೆ ಆವರ್ತನದ ಎಸಿ ಕರೆಂಟಿಗೆ ಸೆಲ್ ಒಡ್ಡುವ ತಡೆ) ಅಳೆದು, ಅದರ ಗ್ರಾಫಿನಲ್ಲಿ ಮೊದಲಿದ್ದ ಅರ್ಧವೃತ್ತ ಕುಸಿದಿದ್ದರೆ ಅನುಮಾನ ಬೇಡ.

ಶಾರ್ಟ್ ಆಗದಿದ್ದರೂ ಈ ಬಗೆಯ ಸೆಲ್ ನಷ್ಟವನ್ನು ಮುಚ್ಚಿಡುತ್ತದೆ. 250 ಮೈಕ್ರೊಮೀಟರ್ ಹಾಳೆಯಲ್ಲಿ ಚದರ ಸೆಂ.ಮೀ.ಗೆ ಸುಮಾರು 51 ಮಿಲಿಆಂಪಿಯರ್-ಗಂಟೆ ಲಿಥಿಯಂ ಇರುತ್ತದೆ. ಮೇಲಿನ ಪದರ ಸತ್ತರೂ ಕೆಳಗಿನದು ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಒಂದು ಬದಿಗೆ ಲಿಥಿಯಂ ಬದಲು ತಾಮ್ರದ ಹಾಳೆ ಇಡಿ. ಎಲೆಕ್ಟ್ರೊಲೈಟಿಗೆ (ಅಯಾನು ಸಾಗಿಸುವ ದ್ರವ) 1 ಮೋಲಾರ್ ಲಿಥಿಯಂ ಲವಣ ಲಿಟಿಎಫ್‌ಎಸ್‌ಐ, ಡಿಒಎಲ್–ಡಿಎಂಇ ದ್ರಾವಕಗಳು ಸಮಪಾಲು, ತೂಕದಲ್ಲಿ 2% ಲಿಥಿಯಂ ನೈಟ್ರೇಟ್ ಒಳ್ಳೆಯ ಆರಂಭ. ಮೈಕ್ರೊಪಿಪೆಟ್‌ನಲ್ಲಿ ಪ್ರತಿ ಸೆಲ್ಲಿಗೂ ಒಂದೇ ಅಳತೆ, ಉದಾಹರಣೆಗೆ 60 ಮೈಕ್ರೊಲೀಟರ್, ಹಾಕಿ. ಮೊದಲು ಚದರ ಸೆಂ.ಮೀ.ಗೆ 5 ಮಿಲಿಆಂಪಿಯರ್-ಗಂಟೆ ಲಿಥಿಯಂ ಕೂರಿಸಿ, 1 ವೋಲ್ಟ್ ಮುಟ್ಟುವವರೆಗೆ ಕರಗಿಸಿ. ಮತ್ತೆ 5 ಕೂರಿಸಿ. 1 ಮಿಲಿಆಂಪಿಯರ್-ಗಂಟೆಯಂತೆ 10 ಸಲ ಕರಗಿಸಿ, ಕೂರಿಸಿ. ಕೊನೆಗೆ ಉಳಿದದ್ದನ್ನೆಲ್ಲ ತೆಗೆಯಿರಿ. ಕೊನೆಯಲ್ಲಿ 4.85 ಸಿಕ್ಕಿತೆನ್ನಿ: (10 + 4.85) ÷ (10 + 5), ಅಂದರೆ 99% ಕೂಲಂಬಿಕ್ ದಕ್ಷತೆ (ಕೂರಿಸಿದ್ದರಲ್ಲಿ ಮರಳಿ ಸಿಕ್ಕ ಪಾಲು). ಕೇಳಲು ಚೆನ್ನಾಗಿದೆ, ಆದರೆ ಹೆಚ್ಚುವರಿ ಲಿಥಿಯಂ ಇಲ್ಲದ ಸೆಲ್ಲಿನಲ್ಲಿ 100 ಸುತ್ತಿಗೆ 37% ಮಾತ್ರ ಉಳಿಯುತ್ತದೆ. 99.9% ಆದರೆ 90% ಉಳಿಯುತ್ತದೆ. ನಿಮ್ಮ ವರದಿಯಲ್ಲಿ ಇರಬೇಕಾದ್ದು ಈ ದಕ್ಷತೆಯ ಅಂಕಿ.

ನೈಟ್ರೇಟ್ ಲಿಥಿಯಂ ಮೇಲೆ ಸಾರಜನಕದ ಸಂಯುಕ್ತಗಳ ಪದರ ಕಟ್ಟುತ್ತದೆ. ಲೋಹ ಸೂಜಿಯಾಗದೆ ದುಂಡು ಉಂಡೆಗಳಾಗಿ ಕೂರುತ್ತದೆ. ಆದರೆ ನೈಟ್ರೇಟ್ ಸುತ್ತು ಸುತ್ತಿಗೂ ಖರ್ಚಾಗುತ್ತಾ ಹೋಗುತ್ತದೆ. ಕಾರ್ಬೊನೇಟ್ ದ್ರಾವಕದಲ್ಲಿ ಅದು ಕರಗುವುದೇ ಕಷ್ಟ, ಅಲ್ಲಿ 10% ಫ್ಲೋರೊಎಥಿಲೀನ್ ಕಾರ್ಬೊನೇಟ್ (ಎಫ್‌ಇಸಿ) ಬಳಸಿ.

ಪ್ರಶ್ನೆ: ಲಿಥಿಯಂ ಸೆಲ್ ಕಟ್ಟುವ, ಹೊರಗಾಳಿ ನುಗ್ಗದ ಗ್ಲೋವ್ ಬಾಕ್ಸಿಗೆ ಆರ್ಗಾನ್ ಬದಲು ಅಗ್ಗದ ನೈಟ್ರೋಜನ್ ಸಾಲದೇ?

ಉತ್ತರ: ಸಾಲದು. ಲಿಥಿಯಂ ಕೋಣೆಯ ಉಷ್ಣತೆಯಲ್ಲೇ ನೈಟ್ರೋಜನ್ ಜೊತೆ ಸೇರಿ ಕಪ್ಪಾದ ನೈಟ್ರೈಡ್ ಆಗುತ್ತದೆ. ಆರ್ಗಾನ್ ತುಂಬಿ, ನೀರು ಮತ್ತು ಆಮ್ಲಜನಕ ಎರಡನ್ನೂ 1 ಪಿಪಿಎಂ ಒಳಗಿಡಿ. ಹೊಸದಾಗಿ ಕತ್ತರಿಸಿದ ಅಂಚು ಕನ್ನಡಿಯಂತೆ ಹೊಳೆಯದೆ ಬೇಗನೆ ಮಂಕಾದರೆ ಆ ದಿನ ಸೆಲ್ ಕಟ್ಟಬೇಡಿ.