ಪಿಕಪ್‌ಗೆ ಆಲ್-ಟೆರೇನ್ ಟೈರ್: ಈಗ ಎರಡು, ಕೊಯ್ಲಿನ ನಂತರ ಎರಡು ಹಾಕಿಸಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಬರೆದಂತೆ ಸಕಲೇಶಪುರದ ಬಳಿ ತೋಟ, 52 ಸಾವಿರ ಕಿಲೋಮೀಟರ್ ಓಡಿದ ಇಸುಜು ವಿ-ಕ್ರಾಸ್ ಪಿಕಪ್, ಸವೆದ ಹಿಂದಿನ ಎರಡು ಟೈರ್‌ಗಳ ಜಾಗಕ್ಕೆ ಈಗ ಒಂದು ಅಳತೆ ದೊಡ್ಡದಾದ ಆಲ್-ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ ದೊಡ್ಡ ಹಲ್ಲಿನ ಟೈರ್), ಮುಂದಿನವು ಕೊಯ್ಲಿನ ದುಡ್ಡು ಬಂದ ಮೇಲೆ. ಗಾಡಿಯ ಬಣ್ಣವೊಂದನ್ನು ಬಿಟ್ಟರೆ ಇದು 2020ರ ಫೆಬ್ರುವರಿಯಲ್ಲಿ ನಾನಿದ್ದ ಸ್ಥಿತಿಯೇ ಆಗಿದೆ. ನೀವು ಕೇಳಿರುವುದು ಯಾವ ಕಂಪನಿಯ ಟೈರ್ ಒಳ್ಳೆಯದು ಎಂದು. ಆದರೆ ನನ್ನ ಕೈ ಸುಟ್ಟಿದ್ದು ಕಂಪನಿಯಿಂದಲ್ಲ, ‘ಈಗ ಎರಡು, ಆಮೇಲೆ ಎರಡು’ ಎಂಬ ಲೆಕ್ಕದಿಂದ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ನಮ್ಮದು ಮೂಡಿಗೆರೆಯ ಕಡೆ. ಗಾಡಿ ಬಂದಾಗ ಅದರಲ್ಲಿದ್ದ ಟೈರಿನ ಅಳತೆ 245/70 ಆರ್16, ಅಂದರೆ ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 70, ರಿಮ್ 16 ಇಂಚು. ಪಕ್ಕದ ತೋಟದವರ ಪಿಕಪ್ ಅಗಲವಾದ ಹಲ್ಲಿನ ಟೈರ್ ಹಾಕಿಕೊಂಡು ಎತ್ತರವಾಗಿ ನಿಂತಿದ್ದನ್ನು ನೋಡಿದಾಗಿನಿಂದ ನನಗೂ 265/70 ಬೇಕೆನಿಸಿತ್ತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಸನದ ಒಂದು ಅಂಗಡಿಯಲ್ಲಿ ಆಮದಾದ ಎರಡು ಟೈರ್‌ಗಳಿದ್ದವು. ‘ಎಳೆಯುವುದು ಹಿಂದಿನ ಚಕ್ರ ತಾನೇ, ಈಗ ಹಿಂದಕ್ಕೆ ಹಾಕಿಸಿ, ಮುಂದಿನವನ್ನು ತರಿಸಿಕೊಡೋಣ’ ಎಂದು ಅವರು ಹೇಳಿದರು, ನಾನು ತಲೆಯಾಡಿಸಿದೆ. ಮುಂದೆ ಉಳಿದವು ಹಳೆಯ 245ಗಳು. ಅವುಗಳಲ್ಲಿ ಸುಮಾರು 3 ಮಿಲಿಮೀಟರ್ ಹಲ್ಲು ಉಳಿದಿತ್ತು. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್ ಆದ್ದರಿಂದ ಇನ್ನೊಂದು ಮಳೆಗಾಲ ತಳ್ಳಬಹುದು ಎಂದುಕೊಂಡೆ.

ಬೇಸಿಗೆ ಮುಗಿಯುವವರೆಗೆ ಏನೂ ಆಗಲಿಲ್ಲ, ಏಕೆಂದರೆ ಅಲ್ಲಿಯವರೆಗೆ ನಾನು ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಗಳಿಂದ ಎಳೆಸುವ ವ್ಯವಸ್ಥೆ, ಹಾಕಿರಲಿಲ್ಲ. ಜುಲೈ ಬಂತು. ನಮ್ಮ ಲೈನ್ ಮನೆಗಳಿಂದ ಕಣದವರೆಗೆ ಎರಡೂವರೆ ಕಿಲೋಮೀಟರ್ ದಾರಿ. ಅದರಲ್ಲಿ ಅರ್ಧ ಮಣ್ಣು, ಉಳಿದ ಏರುಗಳಿಗೆಲ್ಲ ಕಾಂಕ್ರೀಟ್. ಮಣ್ಣಿನಲ್ಲಿ ಗಾಡಿಯೊಳಗಿನ ಗುಂಡಿ ತಿರುಗಿಸಿ ಫೋರ್ ಹೈ (ನಾಲ್ಕೂ ಚಕ್ರ, ಸಾಮಾನ್ಯ ವೇಗ) ಹಾಕುತ್ತಿದ್ದೆ, ಕಾಂಕ್ರೀಟ್ ಬಂದಾಗ ತೆಗೆಯುತ್ತಿರಲಿಲ್ಲ, ಹೇಗೂ ನೂರು ಮಾರು ಮುಂದೆ ಮತ್ತೆ ಕೆಸರು ಬರುತ್ತದಲ್ಲ ಎಂಬ ಸೋಮಾರಿತನ. ಮೊದಲು ತಿರುವುಗಳಲ್ಲಿ ಸ್ಟೀರಿಂಗ್ ಬಿಗಿಯಾಯಿತು. ಆಮೇಲೆ ಅಡಿಯಿಂದ ‘ಟಕ್’ ಎಂಬ ಸದ್ದು ಕೇಳಿಬಂತು. ಒಂದು ದಿನ ಟೂ ಹೈಗೆ (ಹಿಂದಿನ ಎರಡೇ ಚಕ್ರ) ತಿರುಗಿಸಿದರೂ ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಿಟುಕುತ್ತಲೇ ಉಳಿಯಿತು. ಹತ್ತು ಅಡಿ ಹಿಂದಕ್ಕೆ ತೆಗೆದುಕೊಂಡ ಮೇಲೆ ಒಳಗೆ ಏನೋ ಸಡಿಲಾದಂತೆ ಒದ್ದು ಬಿಟ್ಟುಕೊಂಡಿತು. ಅದನ್ನೂ ಎರಡು ವಾರ ನಿರ್ಲಕ್ಷಿಸಿದೆ. ಆಗಸ್ಟ್‌ನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುವಾಗ, ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಸೀಲ್ ಒಡೆದು ಎಣ್ಣೆ ಸೋರಿತು. ಬಿಚ್ಚಿದಾಗ ಬೇರಿಂಗ್ ಹೋಗಿತ್ತು, ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲು (ಕ್ರಾಸ್) ಕೂಡ ಸವೆದಿತ್ತು.

ಕಾರಣವನ್ನು ನನಗೆ ತೋರಿಸಿದವರು ಗಾಡಿ ಬಿಚ್ಚಿದ ಮೆಕ್ಯಾನಿಕ್. ಬಾಯಲ್ಲಿ ಹೇಳುವ ಬದಲು ಅವರು ಸೀಮೆಸುಣ್ಣ ತೆಗೆದುಕೊಂಡು, ಮುಂದಿನ ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೊಂದು, ಸಿಮೆಂಟಿನ ನೆಲಕ್ಕೊಂದು ಗೆರೆ ಎಳೆದು, ಟೈರಿನ ಗೆರೆ ಮತ್ತೆ ನೆಲ ಮುಟ್ಟುವವರೆಗೆ ಗಾಡಿಯನ್ನು ತಳ್ಳಿಸಿ ಟೇಪ್ ಹಿಡಿದರು: 2 ಮೀಟರ್ 25 ಸೆಂಟಿಮೀಟರ್. ಹಿಂದಿನ ಟೈರಿಗೂ ಹಾಗೆಯೇ ಮಾಡಿದಾಗ 2 ಮೀಟರ್ 37 ಬಂತು. ಒಂದು ಸುತ್ತಿಗೆ 12 ಸೆಂಟಿಮೀಟರ್ ವ್ಯತ್ಯಾಸ. ಅಂದರೆ ಒಂದು ಕಿಲೋಮೀಟರ್ ಸಾಗಲು ಹಿಂದಿನ ಚಕ್ರ ಸುಮಾರು 422 ಸುತ್ತು ಸುತ್ತಿದರೆ ಮುಂದಿನದು 444 ಸುತ್ತಬೇಕು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ದುಡ್ಡು ಕಳೆದುಕೊಂಡದ್ದು ಈ ಒಂದು ಅಂಶ ತಿಳಿಯದೆ. ನಮ್ಮ ಪಿಕಪ್‌ಗಳಲ್ಲಿರುವುದು ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಸೆಂಟರ್ ಡಿಫರೆನ್ಶಿಯಲ್ ಇವುಗಳಲ್ಲಿ ಇರುವುದಿಲ್ಲ. ಫೋರ್ ಹೈ ಹಾಕಿದ ಕ್ಷಣದಿಂದ ಎರಡೂ ಶಾಫ್ಟ್‌ಗಳು ಒಂದೇ ನೊಗಕ್ಕೆ ಕಟ್ಟಿದಂತೆ ಸಮವಾಗಿಯೇ ತಿರುಗಬೇಕು. ಟೈರ್‌ಗಳು ಮಾತ್ರ ಬೇರೆ ಬೇರೆ ವೇಗ ಕೇಳುತ್ತವೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಮಾತು ಇದಕ್ಕೇ ಹೇಳಿಸಿದಂತಿದೆ. ಕಿಲೋಮೀಟರಿಗೆ ಆ 22 ಸುತ್ತುಗಳು ಎಲ್ಲಿಯಾದರೂ ಹೋಗಬೇಕಲ್ಲ. ಕೆಸರಿನಲ್ಲಾದರೆ ಟೈರ್ ಜಾರಿ ಕಳೆದುಬಿಡುತ್ತದೆ, ಕಾಂಕ್ರೀಟಿನಲ್ಲಿ ಜಾರಲು ಆಸ್ಪದವಿಲ್ಲದೆ ಶಾಫ್ಟ್ ಮತ್ತು ಗೇರುಗಳಲ್ಲಿ ತಿರುಚಾಗಿ ಕೂರುತ್ತದೆ. ನಾನು ಕೇಳಿದ ‘ಟಕ್’ ಆ ತಿರುಚು ಬಿಡಿಸಿಕೊಂಡ ಸದ್ದು.

ಹಾಗಾದರೆ ಅಳತೆ ದೊಡ್ಡದು ಮಾಡದೆ 245ರಲ್ಲೇ ಎರಡು ಹಾಕಿದರೆ ಸಾಕಲ್ಲ ಎಂದು ನೀವು ಕೇಳಬಹುದು. ಸಾಲದು. ಹೊಸ 245/70 ಆರ್16ರ ವ್ಯಾಸ ಸುಮಾರು 749 ಮಿಲಿಮೀಟರ್. 10 ಮಿಲಿಮೀಟರ್ ಹಲ್ಲು 3ಕ್ಕೆ ಇಳಿದರೆ ವ್ಯಾಸ 735 ಆಗುತ್ತದೆ. ಆಗಲೂ ಕಿಲೋಮೀಟರಿಗೆ ಎಂಟು ಸುತ್ತಿಗೂ ಹೆಚ್ಚು ವ್ಯತ್ಯಾಸ ಉಳಿಯುತ್ತದೆ. ಟೂ ವೀಲ್ ಡ್ರೈವ್ ಪಿಕಪ್ ಆಗಿದ್ದರೆ ಹಿಂದಕ್ಕೆ ಎರಡು ಹೊಸತು ಹಾಕಿಸಿ ಎಂದು ನಾನೇ ಹೇಳುತ್ತಿದ್ದೆ. ಫೋರ್ ವೀಲ್ ಗುಂಡಿಯನ್ನು ನಿಜವಾಗಿ ಬಳಸುವವರಿಗೆ ನಾಲ್ಕೂ ಒಟ್ಟಿಗೆ, ಒಂದೇ ಅಳತೆ, ಒಂದೇ ಮಾದರಿ. ಇದರಲ್ಲಿ ರಾಜಿಯಿಲ್ಲ.

‘ಮುಂದಿನವು ಆಮೇಲೆ’ ಎಂಬುದರಲ್ಲಿ ಇನ್ನೊಂದು ತೊಡಕೂ ಇದೆ. ಅದೇ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ನಾನು ಹಾಕಿಸಿದವಕ್ಕೆ ಜೊತೆಯಾಗಬೇಕಿದ್ದ ಎರಡು ಟೈರ್ ಹಾಸನಕ್ಕೂ ಬರಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ. ಟ್ರಾನ್ಸ್‌ಫರ್ ಕೇಸಿನ ರಿಪೇರಿಗೆ ನಾನು ಕೊಟ್ಟ ಹಣದಲ್ಲಿ ಐದು ಟೈರ್ ಬರುತ್ತಿದ್ದವು. ಕೊನೆಗೆ ರಿಪೇರಿಗೂ ಕೊಟ್ಟು, ನಾಲ್ಕು ಟೈರಿಗೂ ಕೊಟ್ಟೆ.

ದೊಡ್ಡ ಅಳತೆಯ ಆಸೆಯನ್ನೂ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. 265/70ರಿಂದ ಗಾಡಿ ಎತ್ತರವಾಗುವುದು 14 ಮಿಲಿಮೀಟರ್, ಒಂದು ಬೆರಳಿನಷ್ಟು ಅಗಲವೂ ಅಲ್ಲ. ಅದಕ್ಕಾಗಿ ಸ್ಪೀಡೋಮೀಟರ್ ಸುಮಾರು ಶೇಕಡಾ 3.6ರಷ್ಟು ಕಡಿಮೆ ತೋರಿಸತೊಡಗುತ್ತದೆ, ಚಕ್ರದ ಭಾರ ಹೆಚ್ಚುತ್ತದೆ, ಏರಿನಲ್ಲಿ ಗೇರು ಎಳೆಯಲಾರದಂತಾಗುತ್ತದೆ, ಮೇಲಾಗಿ ಸ್ಟೆಪ್ನಿ ಬೇರೆ ಅಳತೆಯದಾಗಿ ಉಳಿದು ಪಂಕ್ಚರ್ ಆದ ದಿನ ಮತ್ತೆ ಇದೇ ಸಮಸ್ಯೆ ಎದುರಾಗುತ್ತದೆ. ಮೂಗಿಗಿಂತ ಮೂಗುತಿ ಭಾರ.

ನೀವು ಕೇಳಿರುವ, ಭಾರ ಹೊರುವ ಗಾಡಿಗಳಿಗೆಂದು ಗಟ್ಟಿಯಾಗಿ ಮಾಡಿದ ಹತ್ತು ಪ್ಲೈ ಎಲ್‌ಟಿ ಟೈರ್‌ಗಳ ವಿಷಯದಲ್ಲಿಯೂ ನನಗೆ ಉತ್ಸಾಹವಿಲ್ಲ. ಅವು ಕಲ್ಲಿಗೆ ಪಕ್ಕೆ ಕೊಟ್ಟರೂ ಸುಲಭವಾಗಿ ಹರಿಯುವುದಿಲ್ಲ ಎಂಬುದು ನಿಜ, ಆದರೆ ಅದೇ ಭಾರವನ್ನು ಹೊರಲು ಅವಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು, ಖಾಲಿ ಗಾಡಿಯ ಹಿಂಭಾಗ ಗುಂಡಿಗಳಲ್ಲಿ ಕುಪ್ಪಳಿಸುತ್ತದೆ. ನೀವು ದಿನವೂ ಕಲ್ಲುಕ್ವಾರಿಗೆ ಹೋಗುವವರಲ್ಲ. ನಿಮ್ಮದೇ ಲೆಕ್ಕದಂತೆ ತಿಂಗಳಿಗೆ ಸಾವಿರ ಕಿಲೋಮೀಟರಿನಲ್ಲಿ ತೋಟದ ದಾರಿ ನೂರೂ ಇಲ್ಲ. ಉಳಿದ ಒಂಬೈನೂರು ಕಿಲೋಮೀಟರ್ ಒದ್ದೆ ಡಾಂಬರು ಮತ್ತು ಘಟ್ಟದ ತಿರುವುಗಳು. ಚಾರ್ಮಾಡಿಯಲ್ಲಿ ಜುಲೈ ಮಂಜಿನಲ್ಲಿ ಬ್ರೇಕ್ ಒತ್ತಿದಾಗ ಕಾಪಾಡುವುದು ಒದ್ದೆ ರಸ್ತೆಯ ಹಿಡಿತವೇ ಹೊರತು ಪಕ್ಕೆಯ ಮೇಲಿನ ಬಿಳಿ ಅಕ್ಷರಗಳಲ್ಲ. ಇನ್ನು ನಮ್ಮ ಕೆಂಪು ಜೇಡಿಗೆ ಯಾವ ಆಲ್-ಟೆರೇನ್ ಕೂಡ ಪೂರ್ತಿ ಉತ್ತರವಲ್ಲ. ಹತ್ತು ಸುತ್ತಿನಲ್ಲಿ ಹಲ್ಲಿನ ಸಂದಿಯೆಲ್ಲ ಮೆತ್ತಿಕೊಂಡು ಬೋಳು ಟೈರಿನಂತಾಗುತ್ತದೆ. ಆಗ ನಾನು ಗಾಳಿಯನ್ನು 24 ಪಿಎಸ್‌ಐಗೆ ಇಳಿಸಿ ನಿಧಾನವಾಗಿ ದಾಟುತ್ತೇನೆ, ಡಾಂಬರು ಸೇರಿದ ತಕ್ಷಣ ಸೀಟಿನ ಹಿಂದಿರುವ ಸಣ್ಣ ಕಂಪ್ರೆಸರ್‌ನಿಂದ ಮತ್ತೆ ತುಂಬಿಸುತ್ತೇನೆ.

ಈಗ ನನ್ನ ಗಾಡಿಯಲ್ಲಿರುವುದು ಯೊಕೊಹಾಮಾದ ಜಿಯೊಲ್ಯಾಂಡರ್ ಎ/ಟಿ, ಮೂಲ ಅಳತೆಯಲ್ಲಿಯೇ. ಅದಕ್ಕಿಂತ ಅಪೊಲೊ ಅಥವಾ ಎಂಆರ್‌ಎಫ್‌ನ ಆಲ್-ಟೆರೇನ್ ನಿಮ್ಮ ಊರಿನಲ್ಲಿ ಸುಲಭವಾಗಿ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ಎರಡು ವರ್ಷದ ನಂತರ ಒಂದು ಟೈರ್ ಹರಿದಾಗ ಅದೇ ಮಾದರಿ ಸಿಗುವುದು ಮುಖ್ಯ. ಲೋಡ್ ಇಂಡೆಕ್ಸ್ ಮೂಲ ಟೈರಿನಲ್ಲಿರುವುದಕ್ಕಿಂತ ಕಡಿಮೆ ಇರಬಾರದು. 111 ಎಂದಿದ್ದರೆ ಒಂದು ಟೈರ್ 1,090 ಕಿಲೋ ಹೊರುತ್ತದೆ ಎಂದರ್ಥ. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ಹಳೆಯ ದಾಸ್ತಾನನ್ನು ರಿಯಾಯಿತಿಯ ಹೆಸರಿನಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ.

ನಾಲ್ಕಕ್ಕೆ ಈಗ ಹಣವಿಲ್ಲವೆಂದರೆ ಒಂದನ್ನೂ ಕೊಳ್ಳದೆ ಕೊಯ್ಲಿನವರೆಗೆ ಕಾಯಿರಿ. ಹಿಂದಿನವು ಹೆಚ್ಚು ಸವೆದಿವೆ ಎಂದಿದ್ದೀರಿ. ನಾಲ್ಕೂ ಟೈರ್‌ಗಳಲ್ಲಿ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು ಇಲ್ಲಿಯೇ ಬರೆಯಿರಿ, ಈ ಮಳೆಗಾಲವನ್ನು ಅವುಗಳಲ್ಲಿಯೇ ದಾಟಬಹುದೇ, ಸ್ಟೆಪ್ನಿಯನ್ನು ಎಲ್ಲಿಗೆ ಹಾಕಬೇಕು ಎಂಬುದನ್ನು ನೋಡಿ ಹೇಳುತ್ತೇನೆ.